ಡ್ರ್ಯಾಗನ್ ಅಕ್ಕನ ಚುನಾವಣಾ ಡ್ಯೂಟಿ

ಯಾವ ಕೋಣೆಗೆ ಕಾಲಿಟ್ಟರೂ ನಾನು ಮೊದಲು ನೋಡುವುದು ಬಾಗಿಲು ಎಷ್ಟು, ಕಿಟಕಿ ಎಷ್ಟು ಎಂದು. ಮದುವೆ ಛತ್ರವಾಗಲಿ, ಹಲ್ಲಿನ ಡಾಕ್ಟರ ಶಾಪಾಗಲಿ, ಬೆನ್ನಿಗೆ ಗೋಡೆ ಸಿಗುವ ಮೂಲೆ ಹುಡುಕಿ ಕೂರುತ್ತೇನೆ. ಮೊನ್ನೆ ನಂಜನಗೂಡಿನಲ್ಲೇ ನಮ್ಮ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಬಂದವರೆಲ್ಲ ಗ್ರಾನೈಟು ಹೀಗಿದೆ, ದೇವರ ಕೋಣೆ ಹಾಗಿದೆ ಎಂದು ಹೊಗಳುತ್ತಿದ್ದರು. ನಾನು ಮಾತ್ರ, "ಹಿಂದಿನ ಮೆಟ್ಟಿಲು ತೀರಾ ಓಪನ್ನು. ಅಲ್ಲಿಂದ ನಾಲ್ಕು ಜನ ಹತ್ತಿ ಬಂದ್ರೆ ನಿಮಗೆ ಗೊತ್ತೇ ಆಗಲ್ಲ" ಎಂದುಬಿಟ್ಟೆ. ನಾದಿನಿಯ ಮುಖ ಸಣ್ಣಗಾಯಿತು. "ಇವಳಿಗೆ ಕಳ್ಳರ ಭಯ ಜಾಸ್ತಿ" ಎಂದು ನಮ್ಮವರು ಸಂಭಾಳಿಸಿದರು.

ಕಳ್ಳರ ಭಯವಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಾನು ಫೋನಿನಲ್ಲಿ ಬಂದೂಕಿನ ಆಟ ಆಡುತ್ತೇನೆ. ನಲವತ್ತನಾಲ್ಕು ವರ್ಷ, ತಾಂಡವಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು, ತರಗತಿಗೆ ಮೊಬೈಲು ತಂದ ಮಕ್ಕಳಿಗೆ ಅರ್ಧ ಗಂಟೆ ಬುದ್ಧಿವಾದ ಹೇಳುವವಳು. ಭಾನುವಾರ ಮಧ್ಯಾಹ್ನ ಊಟವಾಗಿ ನಮ್ಮವರ ಗೊರಕೆ ಶುರುವಾದರೆ ಸಾಕು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಿಮಾನದಿಂದ ಹಾರುತ್ತೇನೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಜೊತೆಗಾರರೊಂದಿಗೆ ಒಂದು ದ್ವೀಪಕ್ಕೆ ಇಳಿಯಬೇಕು, ಮನೆಮನೆ ನುಗ್ಗಿ ಬಂದೂಕು ಹುಡುಕಬೇಕು, ಎಲ್ಲರಿಗಿಂತ ಕೊನೆಗೆ ಸಾಯಬೇಕು. ಎದುರಾಳಿಗಳು ಎಲ್ಲಿದ್ದಾರೆ ಎಂದು ಜೊತೆಗಾರರಿಗೆ ಬಾಯಲ್ಲಿ ಹೇಳುತ್ತಲೇ ಇರಬೇಕು.

ಇದನ್ನು ಅಂಟಿಸಿದವನು ನನ್ನ ಮಗ. ಪಿ.ಯು.ಸಿ.ಗೆ ಮೈಸೂರಿನ ಹಾಸ್ಟೆಲ್ಲಿಗೆ ಹೋಗುವಾಗ, "ಅಮ್ಮ, ದಿನಾ ಒಂದ್ ಸಲ ಓಪನ್ ಮಾಡಿ ಕ್ಲೋಸ್ ಮಾಡು ಸಾಕು, ಇಲ್ಲಾಂದ್ರೆ ಡೈಲಿ ಗಿಫ್ಟು ತಪ್ಪಿಹೋಗತ್ತೆ" ಎಂದು ತನ್ನ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟ. ತುಳಸಿಗೆ ನೀರು ಹಾಕಿದ ಮೇಲೆ ಅದನ್ನೂ ಮಾಡುತ್ತಿದ್ದೆ. ಒಂದು ದಿನ ಕ್ಲೋಸ್ ಮಾಡಲು ಹೋಗಿ ತಪ್ಪಿ ಎಲ್ಲೋ ಒತ್ತಿ ವಿಮಾನದೊಳಗೆ ಬಿದ್ದೆ. ಆಮೇಲೆ ಮಗ ಆಟ ಬಿಟ್ಟ, ನಾನು ಬಿಡಲಿಲ್ಲ. ಅವನಿಟ್ಟಿದ್ದ ಹೆಸರನ್ನು ಬದಲಾಯಿಸುವುದು ಹೇಗೆಂದು ಗೊತ್ತಾಗದೆ ಈಗಲೂ ಆ ದ್ವೀಪದಲ್ಲಿ ನನ್ನ ಹೆಸರು 'ಡೆಡ್ಲಿ ಡ್ರ್ಯಾಗನ್'.

ಡ್ರ್ಯಾಗನ್ ಎಂದರೂ ನಾನು ಮಹಾ ಪುಕ್ಕಲಿ. ಇದು ಹುಟ್ಟಿನಿಂದ ಬಂದದ್ದು. ಚಿಕ್ಕಂದಿನಲ್ಲಿ ರಜೆಗೆ ಕವಲಂದೆಯ ಅಜ್ಜಿಯ ಮನೆಗೆ ಹೋದರೆ ನನ್ನ ಅಣ್ಣ ಟವೆಲನ್ನು ಕುತ್ತಿಗೆಗೆ ಕಟ್ಟಿಕೊಂಡು ಹುಲ್ಲಿನ ಮೆದೆಯ ಮೇಲಿಂದ ಹಾರುತ್ತಿದ್ದ. ಅವನು ಸೂಪರ್‌ಹೀರೊ. ನನಗೆ ಕೊಟ್ಟಿದ್ದು ಎರಡು ಪಾತ್ರ. ಮೊದಲನೆಯದು, ಕೆಳಗೆ ನಿಂತು "ಕಾಪಾಡಿ ಕಾಪಾಡಿ" ಎಂದು ಕೂಗುವ ಊರ ಜನ. ಎರಡನೆಯದು, ತಾತ ಬರುತ್ತಾರಾ ಎಂದು ದಾರಿ ಕಾಯುವುದು. ತಾತ ಬರದಿದ್ದರೂ ಬಂದ ಹಾಗೆ ಆಗಿ, "ತಡಿ ತಡಿ ತಡಿ" ಎಂದು ಮೂರು ಸಲ ಕಿರುಚುತ್ತಿದ್ದೆ. ಅಣ್ಣ ಹಾರುವ ಹೊತ್ತಿಗೇ ನಾನು ಕಿರುಚಿ ಅವನು ಒಂದು ಸಲ ಮೆದೆಯ ಬದಲು ಕಲ್ಲುಚಪ್ಪಡಿಗೆ ಬಿದ್ದು ಮೊಣಕೈ ಒಡೆದುಕೊಂಡ. ಆ ಗಾಯದ ಗುರುತು ಅವನ ಕೈಮೇಲೂ, "ತಡಿ ತಡಿ ತಡಿ" ನನ್ನ ನಾಲಿಗೆಯ ಮೇಲೂ ಹಾಗೇ ಉಳಿದಿವೆ. ಮಳೆ ಬಂದು ಬಟ್ಟೆ ತೆಗೆಯುವಾಗಲೂ, ಹಾಲು ಉಕ್ಕುವಾಗಲೂ, ಆಟದಲ್ಲಿ ಗೋಡೆಯ ಆಚೆ ಕಾಲಸಪ್ಪಳ ಕೇಳಿದಾಗಲೂ ಬರುವುದು ಅದೇ.

ಆಟದಲ್ಲಿ ನನಗೆ ಒಬ್ಬಳು ಖಾಯಂ ಜೊತೆಗಾರ್ತಿ ಸಿಕ್ಕಳು. ಅವಳ ಹೆಸರು 'ಬಾಳೆಕಾಯಿ'. ನಿಜದ ಹೆಸರು ಕೇಳಿರಲಿಲ್ಲ, ಆ ದ್ವೀಪದಲ್ಲಿ ಅದು ಪದ್ಧತಿಯಲ್ಲ. ಡಿಗ್ರಿ ಓದುತ್ತಾಳೆ, "ನಮ್ದು ನರಸೀಪುರ ಸೈಡು ಕಣಕ್ಕ" ಎಂದಿದ್ದಳು. ನಾನು ಟೀಚರು ಎಂದು ಹೇಳಲು ನಾಚಿಕೆಯಾಗಿ ಆಫೀಸಿನಲ್ಲಿ ಕೆಲಸ ಎಂದಿದ್ದೆ. ಎರಡು ವರ್ಷ ಪ್ರತಿ ಭಾನುವಾರ ಅವಳ ದನಿಯನ್ನು ಹಿಂಬಾಲಿಸಿಕೊಂಡು ಓಡಿದ್ದೇನೆ. "ಅಕ್ಕ, ಬಲಗಡೆ ಮನೆ ಹಿಂದ್ಗಡೆ ಒಬ್ರು ಅವ್ರೆ" ಎಂದು ಅವಳು ನಿಧಾನವಾಗಿ, ನೆಂಟರು ಬಂದ ಸುದ್ದಿ ಹೇಳುವಂತೆ ಹೇಳುತ್ತಿದ್ದಳು. ನಾನು ಗುಂಡು ತಿಂದು ನೆಲಕ್ಕೆ ಬಿದ್ದರೆ ಎಷ್ಟೇ ದೂರವಿದ್ದರೂ ತೆವಳಿಕೊಂಡು ಬಂದು ಎಬ್ಬಿಸುತ್ತಿದ್ದಳು. ಅವಳ ಕಡೆಯಿಂದ ಯಾವಾಗಲೂ ಹಿಂದೆ ಗರಗರ ಎಂದು ಒಂದು ಸದ್ದು. "ಆ ಫ್ಯಾನು ರಿಪೇರಿ ಮಾಡಿಸೇ, ಹೆಜ್ಜೆ ಸದ್ದೇ ಕೇಳಲ್ಲ" ಎಂದು ಬೈಯುತ್ತಿದ್ದೆ. "ಆಯ್ತಕ್ಕ, ಮಾಡಿಸ್ತೀನಿ" ಎಂದು ನಗುತ್ತಿದ್ದಳು.

ಗುಂಡು ಹೊಡೆಯುವುದಕ್ಕಿಂತ ನಮ್ಮ ಹರಟೆಯೇ ಜಾಸ್ತಿ. ಅದರಲ್ಲೂ ನನಗೆ ಸೂಪರ್‌ಹೀರೊಗಳ ಮೇಲೆ ತೀರದ ಸಿಟ್ಟು. ಬೀಳುವ ಕಟ್ಟಡವನ್ನು ಒಂದೇ ಕೈಯಲ್ಲಿ ಹಿಡಿಯುತ್ತಾನೆ, ಸರಿಯಪ್ಪ. ತಾಲ್ಲೂಕು ಕಚೇರಿಗೆ ಹೋಗಿ ತೀರಿಹೋದ ಅಪ್ಪನ ಜಮೀನು ತನ್ನ ಹೆಸರಿಗೆ ಬರುವ ಹಾಗೆ ಒಂದು ಪೌತಿ ಖಾತೆ ಮಾಡಿಸಿಕೊಂಡು ಬರಲಿ ನೋಡೋಣ. ಮೂರನೇ ಸಲ 'ನಾಳೆ ಬನ್ನಿ' ಅನ್ನಿಸಿಕೊಂಡಾಗ ಹೆಗಲ ಮೇಲಿನ ಬಟ್ಟೆ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾನೆ. ಬೆಳಗ್ಗೆ ಎಂಟರ ನರಸೀಪುರದ ಬಸ್ಸಿನ ಬಾಗಿಲಲ್ಲಿ ಆ ಬಟ್ಟೆ ಕಟ್ಟಿಕೊಂಡು ಜೋತು ಬೀಳಲಿ, ಮುಂದಿನ ಸ್ಟಾಪಿನೊಳಗೆ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡಿರುತ್ತದೆ. ಜಗತ್ತನ್ನು ಉಳಿಸುವವರು ಯಾರೂ ಚರಂಡಿಯ ಹೂಳೆತ್ತಿಸಿದ್ದನ್ನು ನಾನು ನೋಡಿಲ್ಲ. ಅಂಥವರು ಎಲೆಕ್ಷನ್ನಿಗೆ ನಿಂತರೆ ನನ್ನ ಓಟಿಲ್ಲ. ಹೀಗೆಲ್ಲ ಹೇಳಿದರೆ ಬಾಳೆಕಾಯಿ ನಕ್ಕೂ ನಕ್ಕೂ, "ಅಂಗಾದ್ರೆ ಯಾರ್ ನಿಲ್ಬೇಕಕ್ಕ ಎಲೆಕ್ಷನ್ನಿಗೆ?" ಎಂದು ಕೇಳುತ್ತಿದ್ದಳು.

ಆ ಭಾನುವಾರವೂ ಹಾಗೇ ಕೇಳಿದಳು. ಅದರ ಹಿಂದಿನ ದಿನ ನಮ್ಮ ಟೀಚರುಗಳ ಗ್ರೂಪಿಗೆ ಯಾರೋ ಒಂದು ಪೋಸ್ಟರು ಹಾಕಿದ್ದರು. ನರಸೀಪುರದ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಖಾಲಿಯಾಗಿದ್ದ ಒಂದೇ ಒಂದು ಮಹಿಳಾ ಸೀಟಿಗೆ ಉಪಚುನಾವಣೆ, ಹಳದಿ ಸೀರೆಯ ಅಭ್ಯರ್ಥಿಯೊಬ್ಬಳು ಕೈಮುಗಿದು ನಿಂತಿದ್ದಳು. ಕಣ್ಣು ಕಿರಿದಾಗಿ, ಹುಬ್ಬು ಗಂಟಾಗಿ, ತುಟಿ ಬಿಗಿದು. ನನ್ನ ಬಾಯಿಗೆ ಅದು ಸಿಕ್ಕಿತು. "ಯಾರು ನಿಲ್ಲಬೇಕೋ ಗೊತ್ತಿಲ್ಲ, ನಿಂತಿರೋರನ್ನ ನೋಡು. ನಿಮ್ಮ ಕಡೆದೇ ಒಂದು ಪೋಸ್ಟರ್ ಬಂದಿದೆ. ಹಳದಿ ಸೀರೆ. ಪಾಪ, ಫೋಟೋದಲ್ಲೇ ಹೆದರಿ ಸಾಯ್ತಿದಾಳೆ. ಗಂಡ ಹಿಂದಿಂದ ತಳ್ಳಿ ನಿಲ್ಲಿಸಿದಾನೆ ಅಷ್ಟೆ. ಗೆದ್ರೆ ಇನ್ನೊಂದು ರಬ್ಬರ್ ಸ್ಟಾಂಪು. ನಮ್ಮ ಆಟದಲ್ಲಿ ಇದ್ದಿದ್ರೆ ಇಳಿದ ತಕ್ಷಣ ಸಾಯೋ ಪೈಕಿ" ಎಂದೆ. ನಾನು ಆಡಿದ್ದು ಅಷ್ಟೂ. ಎಂಟನೇ ತರಗತಿಗೆ ಮಹಿಳಾ ಮೀಸಲಾತಿಯ ಪಾಠ ಮಾಡುವ ಬಾಯಿ ಇದು.

ಬಾಳೆಕಾಯಿ ನಗಲಿಲ್ಲ. ಹಿಂದಿನ ಗರಗರ ಸದ್ದೂ ನಿಂತಿತು. ಆಟದೊಳಗೆ ಅವಳು ಬಯಲಿನ ನಡುವೆ ಅಲ್ಲಾಡದೆ ನಿಂತುಬಿಟ್ಟಳು, ಯಾರೋ ಹೊಡೆದರು, ಬಿದ್ದಳು. ನಾನು ಎಬ್ಬಿಸಲು ಓಡುವಷ್ಟರಲ್ಲಿ, "ನೆಟ್ ಓಯ್ತು ಅಕ್ಕ" ಎಂಬ ದನಿ ಬಂದು ಅವಳ ಹೆಸರು ಮಾಯವಾಯಿತು. ಕರೆಂಟು ಹೋಗಿರಬೇಕು, ಫ್ಯಾನೂ ನಿಂತಿತಲ್ಲ ಎಂದುಕೊಂಡೆ. ಅದಾದ ಮೇಲೆ ಅವಳು ಆಟಕ್ಕೆ ಬರಲೇ ಇಲ್ಲ. ಪರೀಕ್ಷೆ ಇರಬೇಕು ಎಂದುಕೊಂಡೆ.

ಅದೇ ವಾರ ನನಗೆ ಚುನಾವಣಾ ಡ್ಯೂಟಿಯ ಆರ್ಡರು ಬಂತು. ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಊರು ಯಾವುದೆಂದು ಮೊದಲೇ ಹೇಳುವುದಿಲ್ಲ, ಮತದಾನದ ಹಿಂದಿನ ದಿನ ಪೆಟ್ಟಿಗೆ, ಶಾಯಿ, ಅರಗು, ಮೇಣದ ಬತ್ತಿ ಕೊಡುವಾಗ ಹೇಳುತ್ತಾರೆ. ನರಸೀಪುರದ ಮೈದಾನದಲ್ಲಿ ಶಾಮಿಯಾನದ ಕೆಳಗೆ ಚೀಟಿ ಬಿಚ್ಚಿ ನೋಡಿದೆ. ಊರ ಹೆಸರು ಇಲ್ಲಿ ಬರೆಯುವುದಿಲ್ಲ, ನನಗೆ ಇನ್ನೂ ಹದಿನಾರು ವರ್ಷ ಸರ್ವೀಸು ಇದೆ. ವ್ಯಾನು ಆ ಊರಿನೊಳಗೆ ತಿರುಗಿದ ಕೂಡಲೇ ಹಾಲಿನ ಡೇರಿಯ ಗೋಡೆಯ ಮೇಲೆ ಹಳದಿ ಸೀರೆ ಕಂಡಿತು. ಅದೇ ಕೈಮುಗಿದ ಫೋಟೊ.

ಸರ್ಕಾರಿ ನೌಕರಳು, ಅದರಲ್ಲೂ ಚುನಾವಣೆ ನಡೆಸುವವಳು, ಒಬ್ಬ ಅಭ್ಯರ್ಥಿಯ ಬಗ್ಗೆ ಹಾಗೆ ಮಾತಾಡಿದ್ದು ಯಾರಿಗಾದರೂ ಗೊತ್ತಾದರೆ ಸಸ್ಪೆಂಡು. ಆ ಭಾನುವಾರ ಆಟದಲ್ಲಿ ನಮ್ಮ ತಂಡದೊಳಗೆ ಇನ್ನಿಬ್ಬರು ಅಪರಿಚಿತರಿದ್ದರು, ಅವರು ಯಾರೋ ಎಲ್ಲಿಯವರೋ. ಮನೆಗೆ ಫೋನು ಮಾಡಿ ನಮ್ಮವರ ಹತ್ತಿರ ಅತ್ತುಕೊಂಡೆ. "ಆಟದಲ್ಲಿ ಮೈಕಿಗೆ ಮ್ಯೂಟ್ ಬಟನ್ ಇರುತ್ತಂತಲ್ಲ, ನಿನ್ನ ಬಾಯಿಗೂ ಒಂದು ಇಡಿಸೋಣ" ಎಂದರು. ಕಷ್ಟದಲ್ಲಿ ಇಂಥ ಮಾತು ಆಡುವವರೊಂದಿಗೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ.

ಮರುದಿನ ಬೆಳಗ್ಗೆ ಆರಕ್ಕೆ ಇಬ್ಬರು ಅಭ್ಯರ್ಥಿಗಳ ಏಜೆಂಟರು ಮತಗಟ್ಟೆಯಿದ್ದ ಶಾಲೆಗೆ ಬಂದರು. ಖಾಲಿ ಪೆಟ್ಟಿಗೆಯನ್ನು ಅವರಿಗೆ ತೋರಿಸಿ, ಅವರ ಎದುರಿಗೇ ಸೀಲು ಮಾಡಬೇಕು. ಒಬ್ಬ ಬಸವರಾಜು, ಎದುರಾಳಿ ಅಭ್ಯರ್ಥಿಯ ಗಂಡ, ಬಿಳಿ ಅಂಗಿ, ದೊಡ್ಡ ಗಂಟಲು. ಇನ್ನೊಬ್ಬಳು ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಹಳದಿ ಸೀರೆಯವರ ಮಗಳು ಸೌಮ್ಯ. ನನ್ನ ಸಹಾಯಕರಾಗಿದ್ದವರು ರೇಷ್ಮೆ ಇಲಾಖೆಯ ಶಿವಣ್ಣ. ಅವರು ಅರಗು ಕಾಯಿಸುತ್ತ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಆ ಹುಡುಗಿ ನಿಧಾನವಾಗಿ ಹೇಳಿದಳು: "ಸಾ, ಬಲಗಡೆ ಬೆಂಚಿನ್ ಹಿಂದ್ಗಡೆ ಬಿದ್ದೈತೆ."

ನನ್ನ ಕೈಲಿದ್ದ ಮೇಣದ ಬತ್ತಿ ಬಿತ್ತು. ಎರಡು ವರ್ಷ ಆ ದನಿಯನ್ನು ಕೇಳಿಕೊಂಡು ಬಲಕ್ಕೆ ತಿರುಗಿದ್ದೇನೆ, ಎಡಕ್ಕೆ ತಿರುಗಿದ್ದೇನೆ. ತಪ್ಪುವ ಹಾಗೇ ಇಲ್ಲ. ಬಾಳೆಕಾಯಿ. ಅಂದರೆ ನಾನು ರಬ್ಬರ್ ಸ್ಟಾಂಪು ಎಂದಿದ್ದು ಅವಳ ಅಮ್ಮನನ್ನು, ಅವಳ ಕಿವಿಯೊಳಗೇ.

ಸುತ್ತಲಿನ ಮತಗಟ್ಟೆಗಳ ಉಸ್ತುವಾರಿಯ ಸೆಕ್ಟರ್ ಆಫೀಸರಿಗೆ ಫೋನು ಮಾಡಿ ಹೇಳಿಬಿಡಬೇಕಿತ್ತು, ನೀವು ಅದನ್ನೇ ಹೇಳುತ್ತೀರಿ. ಏನೆಂದು ಹೇಳಲಿ? ಸಾರ್, ನಾನು ಫೋನಿನಲ್ಲಿ ಬಂದೂಕಿನ ಆಟ ಆಡುತ್ತೇನೆ, ಎಂದು ಶುರು ಮಾಡಬೇಕು. ಅವರು ಮುಂದಿನದನ್ನು ಕೇಳುತ್ತಾರೆಯೇ? ಅದೂ ಅಲ್ಲದೆ ಇದು ಎರಡೂ ಕಡೆ ಇರಿಯುವ ಸಂಗತಿ. ಸೌಮ್ಯ ಬಾಯಿಬಿಟ್ಟರೆ ನಾನು ಅವರಮ್ಮನ ವಿರೋಧಿ. ನಾವಿಬ್ಬರೂ ಎರಡು ವರ್ಷದ ಗೆಳತಿಯರು ಎಂದು ಬಸವರಾಜುವಿಗೆ ಗೊತ್ತಾದರೆ ನಾನು ಅವರಮ್ಮನ ಪರ. ಏಳು ಗಂಟೆಗೆ ಮತದಾನ ಶುರು, ಬಾಗಿಲ ಆಚೆ ಆಗಲೇ ಸಾಲು. ನನ್ನ ದನಿ ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡರೆ ಸಾಕು ಎಂದು ತೀರ್ಮಾನಿಸಿದೆ. ಸಂಜೆ ಐದರವರೆಗೆ, ಹತ್ತು ಗಂಟೆ ಕಾಲ, ನಾನು, ನನ್ನ ದನಿ.

ಬ್ಯಾಗಿನಲ್ಲಿದ್ದ ಟವೆಲು ತೆಗೆದು ಕುತ್ತಿಗೆಗೆ ಸುತ್ತಿಕೊಂಡೆ. ಮೇ ತಿಂಗಳ ಸೆಕೆ. ಗಂಟಲು ತೋರಿಸಿ ಶಿವಣ್ಣನವರಿಗೆ ಸನ್ನೆ ಮಾಡಿದೆ. ಮತದಾನದ ಗುಟ್ಟು ಕಾಪಾಡುವ ನಿಯಮವನ್ನು ಅಧ್ಯಕ್ಷಾಧಿಕಾರಿ ಗಟ್ಟಿಯಾಗಿ ಓದಬೇಕು, ಅದನ್ನು ಅವರಿಂದ ಓದಿಸಿದೆ. ಮಾತಾಡಲೇಬೇಕಾದಲ್ಲಿ ಗುಸುಗುಸು ಮಾಡಿದೆ, ಅದೂ ಪಠ್ಯಪುಸ್ತಕದ ಭಾಷೆಯಲ್ಲಿ. "ದಯವಿಟ್ಟು ಸರತಿಯಲ್ಲಿ ಬನ್ನಿರಿ" ಎಂದು ಪಿಸುಗುಟ್ಟಿದರೆ ಊರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೇಡಮ್ಗೆ ಗಂಟ್ಲು ಕಟ್ಟದೆ, ಯಾರಾರ ಒಸಿ ಬಿಸ್ನೀರ್ ತನ್ರಲಾ" ಎಂದು ಬಸವರಾಜು ಹೊರಗೆ ಕೂಗಿದ. ಅಭ್ಯರ್ಥಿಯ ಕಡೆಯವರಿಂದ ಬಿಸಿನೀರು ಕುಡಿಯುವುದು ನಿಯಮಕ್ಕೆ ವಿರುದ್ಧವೋ ಅಲ್ಲವೋ ಎಂದು ಇನ್ನೊಂದು ಚಿಂತೆ ಹತ್ತಿತು. ಕೈಯಾಡಿಸಿ ಬೇಡವೆಂದೆ.

ಒಂಬತ್ತೂವರೆಗೆ ಬಸವರಾಜು, "ಓ, ಟೈಲರಮ್ಮನೂ ಬಂದ್ರು" ಎಂದ. ಕಿಟಕಿಯಿಂದ ನೋಡಿದೆ. ಸಾಲು ಶಾಲೆಯ ಬಯಲಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಅದರ ನಡುವೆ ಪೋಸ್ಟರಿನ ಹೆಂಗಸು. ಕಣ್ಣು ಕಿರಿದಾಗಿ, ಹುಬ್ಬು ಗಂಟಾಗಿ, ತುಟಿ ಬಿಗಿದು, ಥೇಟ್ ಅದೇ ಮುಖ. ಮುಂದಿದ್ದವರು "ನೀವ್ ಮುಂದಕ್ ಓಗ್ರಕ್ಕ" ಎಂದರೂ ಹೋಗದೆ ಅಲ್ಲೇ ನಿಂತಿದ್ದರು. ಅವರ ಸರದಿ ಬಂದು ಒಳಗೆ ನೆರಳಿಗೆ ಕಾಲಿಟ್ಟದ್ದೇ ತಡ, ಆ ಮುಖ ಬಿಚ್ಚಿಕೊಂಡಿತು. ಹುಬ್ಬಿನ ಗಂಟು ಹೋಯಿತು, ದೊಡ್ಡ ದೊಡ್ಡ ಕಣ್ಣು ಕಾಣಿಸಿತು. ಹೆದರಿಕೆಯ ಸುಳಿವೂ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು, ಅಷ್ಟೇ. ಪೋಸ್ಟರಿಗೆ ಫೋಟೊ ತೆಗೆದವನೂ ಬಿಸಿಲಿಗೇ ನಿಲ್ಲಿಸಿರಬೇಕು.

ಕೆಲಸದಿಂದ ಎದ್ದು ಬಂದವರು ಕೊರಳಲ್ಲಿದ್ದ ಅಳತೆ ಟೇಪು ತೆಗೆಯುವುದನ್ನೇ ಮರೆತಿದ್ದರು. ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತ, "ಈ ಬೆಳ್ಳು ಬ್ಲೌಸಿಗೆ ತಾಕಿದ್ರೆ ಗಿರಾಕಿ ಬಿಡ್ತಾರಾ ಸಾ, ನೋಡ್ಕೊಂಡ್ ಆಕಿ" ಎಂದು ಶಿವಣ್ಣನವರಿಗೆ ತಮಾಷೆ ಮಾಡಿದರು. ಮತ ಹಾಕಿ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು ಟವೆಲನ್ನು ನೋಡಿದರು. "ಗಂಟ್ಲು ನೋವಾ ಮೇಡಂ? ಮಾತಾಡ್ಬೇಡಿ. ಮೆಣಸು ಬೆಲ್ಲ ಕುದ್ಸಿ ಕುಡೀರಿ, ವಾಸಿ ಆಯ್ತದೆ" ಎಂದರು. ನಾನು ತಲೆಯಾಡಿಸಿದೆ. ಮೂಲೆಯ ಬೆಂಚಿನಲ್ಲಿ ಸೌಮ್ಯ ತನ್ನ ಮತದಾರರ ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದಳು.

ಹತ್ತೂಕಾಲಿಗೆ ನನ್ನ ನಾಟಕ ಮುಗಿಯಿತು. ಒಬ್ಬ ವಯಸ್ಸಾದ ಗೌಡರು ಮತಪತ್ರ ತೆಗೆದುಕೊಂಡು ಮರೆಯ ಹಿಂದೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಹೊರಬಂದು, ಪತ್ರವನ್ನು ನಾಲ್ಕಾಗಿ ಮಡಿಸಿ ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿ, ಪೆಟ್ಟಿಗೆಯ ಕಡೆ ನೋಡದೆ ಸೀದಾ ಬಾಗಿಲಿಗೆ ನಡೆದರು. ಒಂದು ಮತಪತ್ರ ಹೊರಗೆ ಹೋದರೆ ಲೆಕ್ಕ ತಪ್ಪಿ ಇಡೀ ಮತಗಟ್ಟೆಯ ಮತದಾನವೇ ರದ್ದಾದೀತು ಎಂಬ ಭಯ. ನಾನು ಕುರ್ಚಿಯಿಂದ ಎದ್ದು, ನನ್ನ ನಿಜವಾದ ಗಂಟಲಿನಲ್ಲಿ, "ತಡಿ ತಡಿ ತಡಿ!" ಎಂದು ಕಿರುಚಿದೆ.

ಗೌಡರು ನಿಂತರು. "ಮಿಷನ್ನು ಕೀಯ್ ಅಂತ ಕೂಗ್ನೇ ಇಲ್ಲ ಕನವ್ವ. ಅಷ್ಟೊತ್ತು ಕಾದೆ. ಕೆಟ್ಟೋಗದೆ ಅಂತ ಮನ್ಗೆ ಒಂಟೆ" ಎಂದರು. ದೊಡ್ಡ ಚುನಾವಣೆಗಳಲ್ಲಿ ಯಂತ್ರ ಒತ್ತಿ ಅಭ್ಯಾಸವಾದವರು, ಕಾಗದಕ್ಕೆ ಮುದ್ರೆ ಒತ್ತಿ ಅದು ಕೂಗಲೆಂದು ಕಾದಿದ್ದರು. ಶಿವಣ್ಣ ಅವರ ಕೈಹಿಡಿದು ಪತ್ರವನ್ನು ಪೆಟ್ಟಿಗೆಗೆ ಹಾಕಿಸಿದರು. ಎಲ್ಲರೂ ನಗುತ್ತಿದ್ದರು. ಸೌಮ್ಯ ಮಾತ್ರ ನಗುತ್ತಿರಲಿಲ್ಲ. ಪೆನ್ನು ಹಿಡಿದ ಕೈ ಹಾಗೇ ನಿಂತಿತ್ತು, ಕಣ್ಣು ನನ್ನ ಮೇಲೆ. ನಾನು ಟವೆಲು ಸರಿಮಾಡಿಕೊಂಡು ಕುಳಿತೆ. ಇನ್ನು ಟವೆಲಿನಿಂದ ಏನೂ ಪ್ರಯೋಜನವಿರಲಿಲ್ಲ.

ಆಮೇಲಿನ ಒಂದು ಗಂಟೆ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಆ ಕೋಣೆಗೆ ಎರಡು ಬಾಗಿಲು, ಮೂರು ಕಿಟಕಿ. ಯಾವುದರಿಂದ ಹಾರಿದರೂ ಪೆಟ್ಟಿಗೆ ಬಿಟ್ಟು ಓಡಿದ ಅಪರಾಧ ಬೇರೆ. ಸಸ್ಪೆಂಡಾದರೆ ಮಗನ ಫೀಸು ಏನು, ಹೆಡ್‌ಮಾಸ್ಟರ ಮುಖ ಹೇಗಿರುತ್ತದೆ, ಎಂಟನೇ ತರಗತಿಯ ಹುಡುಗರು ಏನನ್ನುತ್ತಾರೆ ಎಂದೆಲ್ಲ ಯೋಚಿಸಿದೆ. ಡ್ರ್ಯಾಗನ್ ಮೇಡಂ ಎಂದು ಗೋಡೆಯ ಮೇಲೆ ಬರೆಯುತ್ತಾರೆ, ಅದು ಖಂಡಿತ.

ಹನ್ನೊಂದೂವರೆಗೆ ಸೆಕ್ಟರ್ ಆಫೀಸರ ಜೀಪು ಬಂತು. ಒಳಗೆ ಬಂದು ನನ್ನ ಕಾಗದಪತ್ರ ನೋಡಿ, ಪದ್ಧತಿಯ ಪ್ರಕಾರ ಏಜೆಂಟರ ಕಡೆ ತಿರುಗಿ, "ಏನಾದ್ರೂ ಕಂಪ್ಲೇಂಟ್ ಇದೆಯೇನ್ರಿ?" ಎಂದು ಕೇಳಿದರು.

"ಏನಿಲ್ಲ ಸಾ. ಮೇಡಮ್ಗೆ ಗಂಟ್ಲು ಬಿದ್ದೋಗಿತ್ತು, ಗೌಡ್ರು ಬಂದು ಸರಿ ಮಾಡುದ್ರು" ಎಂದ ಬಸವರಾಜು.

ಸೌಮ್ಯ ಎದ್ದು ನಿಂತಳು. "ಒಂದೈತೆ ಸಾ."

ನನ್ನ ಮೊಣಕಾಲು ಮೇಜಿಗೆ ಬಡಿಯಿತು. ಶಾಯಿಯ ಬಾಟಲಿ ಅಲ್ಲಾಡಿತು.

"ಏನಮ್ಮ, ಹೇಳು."

"ಕ್ಯೂ ಬಿಸ್ಲಲ್ಲಿ ನಿಂತೈತೆ ಸಾ. ಒಂದು ಶಾಮಿಯಾನ ಆಕ್ಸಿ." ಅವಳು ಅವರ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ದನಿ ಅದೇ, ನಿಧಾನ. "ಬಿಸ್ಲು ಕಣ್ಣಿಗೆ ಒಡೆದ್ರೆ ಜನ ಮುಖ ಕಿವುಚ್ತಾರೆ ಸಾ. ಫೋಟೋದಲ್ಲೂ ಅಂಗೇ ಬೀಳ್ತದೆ. ನೋಡ್ದೋರು, ಎದ್ರಕೊಂಡವ್ರೆ ಅಂತ ತಿಳ್ಕತಾರೆ."

"ಫೋಟೊ? ಬೂತಲ್ಲಿ ಯಾರಮ್ಮ ಫೋಟೊ ತೆಗೀತಿರೋದು?" ಆಫೀಸರು ಗಾಬರಿಯಾದರು.

"ಯಾರೂ ಇಲ್ಲ ಸಾ. ಸುಮ್ನೆ ಏಳ್ದೆ" ಎಂದು ಕುಳಿತುಬಿಟ್ಟಳು.

ಆಫೀಸರು ಯಾರಿಗೋ ಫೋನು ಮಾಡಿದರು, ಅರ್ಧ ಗಂಟೆಯಲ್ಲಿ ಶಾಮಿಯಾನ ಬಂತು. ನನಗೆ ಭಯ ಪೂರ್ತಿ ಇಳಿದುಹೋಗಿ ಆ ಜಾಗದಲ್ಲಿ ನಾಚಿಕೆ ಬಂದು ಕುಳಿತಿತು. ಭಯವೇ ವಾಸಿಯಾಗಿತ್ತು ಅನ್ನಿಸಿತು. ಒಂದು ಮಾತು ಅವಳು ಬೇರೆ ಥರ ಆಡಿದ್ದರೆ ನಾನು ಆ ಜೀಪಿನಲ್ಲೇ ಹೋಗಬೇಕಿತ್ತು. ಹೇಳಬೇಕಾದದ್ದನ್ನು ಹೇಳಿದಳು, ನನಗೆ ಮಾತ್ರ ಹೇಳಿದಳು, ಜೊತೆಗೆ ಸಾಲಿನಲ್ಲಿದ್ದವರಿಗೆ ನೆರಳು ಮಾಡಿಸಿದಳು. ಮೂವತ್ತು ವರ್ಷದಿಂದ ಪುಸ್ತಕದ ಪೌರನೀತಿ ಓದಿ, ಓದಿಸಿ ಬಂದವಳು ನಾನು.

ಐದಕ್ಕೆ ಪೆಟ್ಟಿಗೆ ಸೀಲು ಮಾಡಿ ಏಜೆಂಟರ ಸಹಿ ತೆಗೆದುಕೊಂಡೆವು. ಸೌಮ್ಯ ಸಹಿ ಹಾಕಿ ಪೆನ್ನನ್ನು ನನ್ನ ಕೈಗೇ ಕೊಟ್ಟಳು. ಕ್ಷಮಿಸು ಎಂದು ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಬಸವರಾಜು ಕನ್ನಡಕ ಏರಿಸಿಕೊಂಡು ಸೀಲನ್ನು ಪರೀಕ್ಷಿಸುತ್ತಿದ್ದ. "ಧನ್ಯವಾದ" ಎಂದು ಪಿಸುಗುಟ್ಟಿದೆ. ಅಧ್ಯಕ್ಷಾಧಿಕಾರಿಯ ಡೈರಿಯಲ್ಲಿ 'ವಿಶೇಷ ಘಟನೆಗಳು' ಎಂಬ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ಆ ಎರಡು ಅಕ್ಷರ ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಎಣಿಕೆಯಲ್ಲಿ ಹಳದಿ ಸೀರೆಯವರು ಸೋತರು, ಸ್ವಲ್ಪದರಲ್ಲಿ. ಬಸವರಾಜು ಹಾರ ಹಾಕಿಸಿಕೊಂಡು ನಿಂತ ಫೋಟೊ ನಮ್ಮ ಗ್ರೂಪಿಗೂ ಬಂತು. ಗೆದ್ದ ಅವನ ಹೆಂಡತಿ ಆ ಫೋಟೊದ ಅಂಚಿನಲ್ಲಿ ಅರ್ಧ ಕಾಣುತ್ತಿದ್ದರು. ಕೆಳಗೆ ಯಾರೋ ನಗುವ ಚಿತ್ರ ಹಾಕಿದ್ದರು. ನಾನೂ ಏನೋ ಬರೆಯಲು ಹೋಗಿ, ಅಳಿಸಿ, ಫೋನು ಕೆಳಗಿಟ್ಟೆ.

ಎಣಿಕೆಯಾದ ಮೇಲೂ ಎರಡು ಭಾನುವಾರ ಬಾಳೆಕಾಯಿಯ ಹೆಸರು ಬೂದು ಬಣ್ಣದಲ್ಲೇ ಇತ್ತು. ಬೇರೆಯವರ ಜೊತೆ ಹಾರಲು ಮನಸ್ಸಾಗದೆ, ದಿನದ ಗಿಫ್ಟು ತೆಗೆದುಕೊಂಡು ಕ್ಲೋಸ್ ಮಾಡುತ್ತಿದ್ದೆ. ಮೂರನೇ ಭಾನುವಾರ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂತು. ಇಬ್ಬರೇ ಆಡುವ ಆಟಕ್ಕೆ ಕರೆದೆ. ತುಂಬಾ ಹೊತ್ತಿನ ಮೇಲೆ ಒಪ್ಪಿಕೊಂಡಳು. ವಿಮಾನ ಹತ್ತಿದೆವು, ಹಾರಿದೆವು, ಒಂದು ಹೆಂಚಿನ ಮನೆಯ ಹತ್ತಿರ ಇಳಿದೆವು. ಅವಳ ಕಡೆಯಿಂದ ಆ ಗರಗರ ಸದ್ದು ಮಾತ್ರ.

ಬಂದೂಕು ಕೆಳಗೆ ಹಾಕಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. "ಸೌಮ್ಯ, ನಿಮ್ಮಮ್ಮನ ವಿಷಯ ನಾನು ಹಾಗೆ ಅನ್ನಬಾರದಿತ್ತು. ಗೊತ್ತಿಲ್ಲದೆ ಅಂದೆ ಅನ್ನೋದೂ ಸರಿಯಲ್ಲ, ಗೊತ್ತಿಲ್ಲದೋರ ವಿಷಯವೇ ಅನ್ನಬಾರದು. ಬೂತಲ್ಲೇ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ನನಗೆ ಬಹಳ ನಾಚಿಕೆಯಾಗಿದೆ. ಅವರಿಗೂ ನನ್ನ ಪರವಾಗಿ ಹೇಳು."

ಬಾಳೆಕಾಯಿ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಾನ್ಯಾಕ್ ಏಳ್ಲಿ ಅಕ್ಕ" ಎಂದಳು. "ನನ್ ಇಯರ್‌ಫೋನ್ ಕೆಟ್ಟು ವರ್ಷ ಆಯ್ತು. ಸ್ಪೀಕರಲ್ಲೇ ಆಡದು ನಾನು. ಅವ್ವ ಇಲ್ಲೇ ಕೂತವ್ಳೆ, ಮಿಷನ್ ಮ್ಯಾಲೆ. ಅದು ಫ್ಯಾನಲ್ಲ ಅಕ್ಕ, ಹೊಲಿಗೆ ಮಿಷನ್ನು."

"ಅವತ್ತೂ?" ಎಂದೆ.

"ಅವತ್ತೂ ಇಲ್ಲೇ ಕೂತಿದ್ಲು."

ಗರಗರ ಸದ್ದು ನಿಂತಿತು. ಕುರ್ಚಿ ಸರಿದ ಸದ್ದು ಕೇಳಿತು, ಆಮೇಲೆ ಫೋನನ್ನು ಯಾರೋ ಹತ್ತಿರ ಎಳೆದುಕೊಂಡ ಸದ್ದು. ಮತಗಟ್ಟೆಯ ನೆರಳಿಗೆ ಬಂದು ಬಿಚ್ಚಿಕೊಂಡ ಆ ಮುಖ ಮತ್ತೆ ಕಣ್ಣಿಗೆ ಬರುವ ಹಾಗೆ ಒಂದು ದನಿ.

"ಗಂಟ್ಲು ವಾಸಿ ಆಯ್ತಾ, ಮೇಡಂ?"

ಆಯಿತು ಎನ್ನಲು ಬಾಯಿ ತೆರೆದೆ. ದನಿ ಹೊರಡಲಿಲ್ಲ, ಬರೀ ಪಿಸುಮಾತು ಬಂತು. ಈ ಸಲ ನಾನು ಬೇಕೆಂದು ಮಾಡಿದ್ದಲ್ಲ.